ಆಯಿಯ ಕುಬಸ, ನನ್ನ ಬೆಂಗಳೂರು

(ಸ್ತನ್ಯಪಾನ ಸಪ್ತಾಹದಲ್ಲಿ ನಮ್ಮ ಬಡಾವಣೆಯ ಹೆಣ್ಣುಮಕ್ಕಳು ಸೇರಿದ್ದ ಕಡೆ ಆಡಿದ ಮಾತು. ಬರೆದುಕೊಳ್ಳುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕೂಸು ಎತ್ತಿಕೊಂಡು ಬಂದವರು ಆರಾಮಾಗಿ ಗೋಡೆಗೆ ಒರಗಿ ಕೂತ್ಕೊಳ್ಳಿ. ಮಧ್ಯದಲ್ಲಿ ಅತ್ತರೆ ಎದ್ದು ಹೊರಗೆ ಹೋಗಬೇಡಿ. ಇಲ್ಲೇ ಹಾಲು ಕುಡಿಸಿ. ಇವತ್ತಿನ ಮಾತೇ ಅದರದು.

ಪ್ರತಿ ವರ್ಷ ಆಗಸ್ಟ್ 1ರಿಂದ 7ರವರೆಗೆ ಸ್ತನ್ಯಪಾನ ಸಪ್ತಾಹ. ಮೊದಲ ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ, ಆಮೇಲೆ ಊಟದ ಜೊತೆ ಎರಡು ವರ್ಷದವರೆಗೆ, ಅದರಾಚೆಗೂ ಕುಡಿಸಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಡಾಕ್ಟರುಗಳು, ಆಶಾ ಕಾರ್ಯಕರ್ತೆಯರು ಇದನ್ನು ಮನೆಮನೆಗೆ ಮುಟ್ಟಿಸಿದ್ದಾರೆ. ನಾನು ಡಾಕ್ಟರ್ ಅಲ್ಲ. ನನಗೆ ಗೊತ್ತಿರುವುದು ಬಟ್ಟೆ. ಎರಡು ವರ್ಷ ಕುಡಿಸಿ ಅಂದರು, ಸರಿ. ಏನು ಉಟ್ಟುಕೊಂಡು ಕುಡಿಸಬೇಕು ಅಂತ ನನಗೆ ಯಾರೂ ಹೇಳಲಿಲ್ಲ. ಆ ಒಂದು ಪ್ರಶ್ನೆಯಿಂದಾಗಿ ನಾನು ಬೆಂಗಳೂರಿಗೆ ಬಂದ ಮೊದಲ ಎರಡು ತಿಂಗಳು ಮನೆ ಬಾಗಿಲು ದಾಟಿದ್ದೇ ಅಪರೂಪ.

ನಾನು ಗುಳೇದಗುಡ್ಡದವಳು. ಬಾಗಲಕೋಟೆ ಜಿಲ್ಲೆ. ನಮ್ಮೂರ ಹೆಸರು ಹೇಳಿದರೆ ಸೀರೆ ಗೊತ್ತಿರುವವರು ಖಣ ಅಂತಾರೆ. ಖಣ ಅಂದರೆ ಕುಬಸಕ್ಕೆ ಅಂತಲೇ ನೇಯುವ ಬಟ್ಟೆ. ಇಲ್ಲಿ ಕುಪ್ಪಸ ಅನ್ನುವುದನ್ನೇ ನಮ್ಮ ಕಡೆ ಕುಬಸ ಅನ್ನುತ್ತೇವೆ. ಅಗಲ ಕಡಿಮೆ, ಎರಡೂ ಕಡೆ ದಡಿ, ಮೈತುಂಬ ಸಣ್ಣ ಸಣ್ಣ ಚಿತ್ರ. ತೇರು, ತುಳಸಿ ಪಾನ, ಆನೆ ಹೆಜ್ಜೆ, ಸಿದ್ಧೇಶ್ವರ ಮುಖ ಅಂತ ಒಂದೊಂದಕ್ಕೂ ಹೆಸರು. ಮಗ್ಗದ ಸದ್ದು ಕೇಳುತ್ತಾ ಬೆಳೆದವಳು ನಾನು. ಯಾವ ಸೀರೆಗೆ ಯಾವ ಖಣ ಒಪ್ಪುತ್ತದೆ ಅಂತ ಹತ್ತು ವರ್ಷದವಳಿದ್ದಾಗಲೇ ಅವ್ವನಿಗೆ ಹೇಳುತ್ತಿದ್ದೆ. ಇಳಕಲ್ ಸೀರೆಯ ಕೆಂಪು ಸೆರಗಿಗೆ ಅದೇ ಕೆಂಪಿನ ಕುಬಸ ಬೇಡ, ಒಡಲಿನ ಬಣ್ಣಕ್ಕೆ ಹೊಂದಿಸು ಅಂತ ಜಗಳ ಆಡುತ್ತಿದ್ದೆ. ಚೆಂದ ಉಡುವುದು ನನಗೆ ಹಬ್ಬಕ್ಕೆ ಮಾತ್ರ ಅಲ್ಲ, ದಿನವೂ ಬೇಕು. ಬೆಳಿಗ್ಗೆ ಉಟ್ಟಿದ್ದು ಮನಸ್ಸಿಗೆ ಬಂದರೆ ಅವತ್ತಿನ ಕೆಲಸ ಚೆನ್ನಾಗಿ ಆಗುತ್ತದೆ. ಇಲ್ಲಿ ಅಂಥವರು ಇನ್ನೂ ಇದ್ದೀರಿ ಅಂತ ನನಗೆ ಗೊತ್ತು.

ನಮ್ಮ ಕಡೆ ಸೀಮಂತಕ್ಕೆ ಏನಂತಾರೆ ಗೊತ್ತಾ? ಕುಬಸ ಅಂತಾರೆ. ಬಸುರಿಗೆ 'ಕುಬಸ ಮಾಡಿದರು' ಅಂದರೆ ಸೀಮಂತ ಆಯಿತು ಅಂತ ಅರ್ಥ. ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಖಣ ಇಟ್ಟು ಉಡಿ ತುಂಬುತ್ತಾರೆ. ನನ್ನ ಕುಬಸಕ್ಕೆ ಬಂದವರೆಲ್ಲ ಒಂದೊಂದು ಖಣ ಇಟ್ಟರು. ಕೊನೆಗೆ ಎಣಿಸಿದರೆ ಇಪ್ಪತ್ತಮೂರು. ಅಷ್ಟೂ ಪೆಟ್ಟಿಗೆ ಸೇರಿದವು. ತಾಯಿಯಾಗುವವಳಿಗೆ ಮೊದಲು ಕೊಡುವ ಉಡುಗೊರೆ ಕುಬಸದ ಬಟ್ಟೆಯೇ ಯಾಕೆ ಅಂತ ಆಗ ನಾನು ಯೋಚಿಸಿರಲಿಲ್ಲ.

2018ರ ಜನವರಿಯಲ್ಲಿ ಮಗಳು ಹುಟ್ಟಿದಳು. ಐದು ತಿಂಗಳು ತವರಿನಲ್ಲಿ ಬಾಣಂತನ. ಅಂಟಿನ ಉಂಡೆ, ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ಕಿವಿಗೆ ಬಿಗಿದು ಕಟ್ಟಿದ ಸ್ಕಾರ್ಫು. ಮೈಮೇಲೆ ಸದಾ ಜಿಪ್ ಇರುವ ನೈಟಿ, ಹೆಗಲಿಗೆ ಟವೆಲ್ಲು. ಬಾಣಂತಿಗೆ ಅದು ಅನುಕೂಲ, ನಾನು ದೂರುವುದಿಲ್ಲ. ಮನೆ ತುಂಬ ನಮ್ಮವರೇ. ಕೂಸು ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುತ್ತಿತ್ತು. ಜೂನ್‌ನಲ್ಲಿ ಬಾಗಲಕೋಟೆಯಿಂದ ರಾತ್ರಿ ರೈಲು ಹತ್ತಿ ಬೆಳಿಗ್ಗೆ ಇಲ್ಲಿ ಇಳಿದೆವು. ನಮ್ಮ ಮನೆಯವರಿಗೆ ಇಲ್ಲಿಗೆ ವರ್ಗ ಆಗಿತ್ತು. ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ಅವರು ಎಂಟಕ್ಕೆ ಹೊರಟರೆ ಬರುವುದು ರಾತ್ರಿ ಎಂಟಕ್ಕೆ. ಹನ್ನೆರಡು ಗಂಟೆ ನಾನು, ಕೂಸು, ಎದುರಿನ ಕಟ್ಟಡದ ನೀರಿನ ಟ್ಯಾಂಕು.

ನಾನು ಇಲ್ಲಿಗೆ ಆಸೆಪಟ್ಟೇ ಬಂದವಳು. ಚಿಕ್ಕಪೇಟೆಯ ಸೀರೆ ಅಂಗಡಿ, ಗಾಂಧಿ ಬಜಾರಿನ ಹೂವು, ಮಲ್ಲೇಶ್ವರದ ಸಂಪಿಗೆ ರಸ್ತೆ, ಕಮರ್ಷಿಯಲ್ ಸ್ಟ್ರೀಟು, ಇವೆಲ್ಲ ನೋಡಬೇಕು ಅಂತ ಮನಸ್ಸಿನಲ್ಲಿ ದೊಡ್ಡ ಪಟ್ಟಿಯೇ ಇತ್ತು. ಬೀರು ತೆರೆದರೆ ನನ್ನ ಬಟ್ಟೆ ಒಂದೂ ಕೆಲಸಕ್ಕೆ ಬರಲಿಲ್ಲ. ಮದುವೆಗೆ ಹೊಲಿಸಿದ ಬ್ಲೌಸುಗಳೆಲ್ಲ ಬೆನ್ನ ಹಿಂದೆ ಹುಕ್ಕಿನವು. ಆಗ ಅದೇ ಫ್ಯಾಷನ್. ಕುರ್ತಾಗಳಿಗೆ ಎದೆ ಮೇಲೆ ಗುಂಡಿಯ ಸಾಲು ಇತ್ತು, ಬಿಚ್ಚಲು ಹೋದರೆ ಅದು ಬರೀ ತೋರಿಕೆಗೆ ಹೊಲಿದಿದ್ದು. ಅಂಗಡಿಯಲ್ಲಿ ಹಾಲುಣಿಸುವವರಿಗೆ ಅಂತಲೇ ಮಾಡಿದ ಕುರ್ತಾ ನೋಡಿದೆ. ಮಂಕು ಬಣ್ಣ, ಚೀಲದಂಥ ಅಳತೆ, ಮೇಲೆ ಕರಡಿಮರಿಯ ಚಿತ್ರ. ಹಡೆದಿದ್ದು ನಾನು, ಆ ಬಟ್ಟೆ ಮಾತ್ರ ಕೂಸಿಗೆ ಹೊಲಿದ ಹಾಗಿತ್ತು. ವಾಪಸ್ ಬಂದೆ. ಕೂದಲು ಕೈತುಂಬ ಉದುರುತ್ತಿದ್ದ ದಿನಗಳು ಬೇರೆ. ಹೆರಿಗೆಯಾದ ಮೂರ್ನಾಲ್ಕು ತಿಂಗಳಿಗೆ ಅದು ಸಾಮಾನ್ಯ, ಮತ್ತೆ ಬೆಳೆಯುತ್ತದೆ. ನನಗೆ ಅದು ಗೊತ್ತಿರಲಿಲ್ಲ. ಕನ್ನಡಿ ಮುಂದೆ ನಿಂತರೆ ಇದು ಯಾರು ಅನ್ನಿಸುತ್ತಿತ್ತು. ಊರೂ ಹೊಸದು, ಮೈಯೂ ಹೊಸದು. ಎರಡರಲ್ಲೂ ನನಗೆ ದಾರಿ ತಿಳಿಯಲಿಲ್ಲ.

ಆಗ ನಡೆದ ಒಂದು ಸಂಗತಿ ಹೇಳುತ್ತೇನೆ. ಇದನ್ನು ಹೇಳಬೇಕು ಅಂತಲೇ ಇವತ್ತು ಒಪ್ಪಿಕೊಂಡೆ.

ತಪ್ಪಿಹೋಗಿದ್ದ ಒಂದು ಲಸಿಕೆ ಹಾಕಿಸಲು ಹೋಗಬೇಕಿತ್ತು. ಎಷ್ಟೋ ದಿನದ ಮೇಲೆ ಹೊರಗೆ ಹೋಗುವುದು. ಚೆಂದ ಉಟ್ಟುಕೊಂಡು ಹೋಗಬೇಕು ಅನ್ನಿಸಿತು. ನನ್ನ ಇಷ್ಟದ ಕಡುಹಸಿರು ಇಳಕಲ್ ಉಟ್ಟೆ. ಬ್ಲೌಸು ಹಿಂದೆ ಹುಕ್ಕಿನದು. ಹೋಗುವ ಮುಂಚೆ ಹಾಲು ಕುಡಿಸಿದ್ದೆ. ಗಂಟೆ ಒಂದೂವರೆಯಲ್ಲಿ ಬಂದುಬಿಡುತ್ತೇವೆ ಅಂತ ಲೆಕ್ಕ. ಬೆಂಗಳೂರಿನಲ್ಲಿ ಅಂಥ ಲೆಕ್ಕ ನಡೆಯುವುದಿಲ್ಲ ಅಲ್ವಾ. ಅಲ್ಲಿ ಕಾದಿದ್ದೇ ಎರಡು ಗಂಟೆ. ಬರುವಾಗ ಬಸ್ಸು ಸಿಗ್ನಲ್ ಹತ್ತಿರ ನಿಂತಿತು, ಮಳೆ, ಬಸ್ಸು ಅಲುಗಾಡಲಿಲ್ಲ. ಸೂಜಿ ಚುಚ್ಚಿದ ತೊಡೆ ನೋವು, ಹಸಿವು, ಕೂಸು ಉಸಿರುಕಟ್ಟಿ ಅಳತೊಡಗಿತು. ಮುಖ ಕೆಂಪಾಯಿತು. ಅದು ಅಳುವುದು ಕೇಳಿ ನನಗೆ ಹಾಲು ಇಳಿದು ಬ್ಲೌಸು ಒದ್ದೆ. ಎಲ್ಲರೂ ನೋಡುತ್ತಿದ್ದರು. 'ಹಾಲು ಕೊಡಮ್ಮ' ಅಂತ ಒಬ್ಬರು ಹೇಳಿದರು. ಹೇಗೆ ಕೊಡಲಿ? ಹುಕ್ಕು ಬೆನ್ನ ಹಿಂದೆ. ಎರಡೂ ಕೈಯಲ್ಲಿ ಕೂಸು.

ಪಕ್ಕದ ಸೀಟಿನಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ಒಬ್ಬ ಹೆಂಗಸು ಕೂತಿದ್ದರು. ವಯಸ್ಸು ಐವತ್ತು ಇರಬಹುದು. ಅವರು ನನ್ನ ಬೆನ್ನು ನೋಡಿದರು, ಒಂದು ಮಾತೂ ಕೇಳಲಿಲ್ಲ. 'ಈ ಕಡೆ ತಿರುಗಮ್ಮ' ಅಂದರು. ತಮ್ಮ ಸೆರಗನ್ನು ಬಿಚ್ಚಿ ನನ್ನ ಹೆಗಲ ಮೇಲಿಂದ ಕೂಸಿನ ತನಕ ಹರಡಿದರು. ಆಮೇಲೆ ಅದರ ಕೆಳಗೆ ಕೈ ತೂರಿಸಿ ಒಂದೊಂದೇ ಹುಕ್ಕು ಬಿಚ್ಚಿದರು. ಐದು ಹುಕ್ಕು. ಅವರ ಬೆರಳಿಗೆ ಸುಗಂಧರಾಜದ ವಾಸನೆ ಇತ್ತು, ನಾರು ಕಟ್ಟಿ ಕಟ್ಟಿ ಗಟ್ಟಿಯಾದ ಬೆರಳು. ಕೂಸು ಕುಡಿಯತೊಡಗಿತು. ಬಸ್ಸಿನಲ್ಲಿ ಒಮ್ಮೆಲೇ ನಿಶ್ಶಬ್ದ. ನಾನು ಅತ್ತೆ. ಅವರು ಸುಮ್ನೆ ನನ್ನ ಬೆನ್ನು ಸವರುತ್ತಾ ಕೂತರು. ಇಳಿಯುವ ಮುಂಚೆ ಐದೂ ಹುಕ್ಕು ಮತ್ತೆ ಹಾಕಿ, 'ಮುಂದೆ ಹುಕ್ಕಿಂದು ಹಾಕ್ಕೋಬೇಕಮ್ಮ, ಮಗು ದೊಡ್ಡದಾಗೋವರೆಗೂ' ಅಂದರು. ಒಂದು ಮೊಳ ಹೂ ಕೊಟ್ಟರು. ಅವರ ಹೆಸರು ನಾನು ಕೇಳಲಿಲ್ಲ. ಇವತ್ತಿಗೂ ಆ ಬೇಜಾರಿದೆ.

ಮನೆಗೆ ಬಂದು ಪೆಟ್ಟಿಗೆ ತೆಗೆದೆ. ಕೆಳಗೆ ನಮ್ಮ ಆಯಿಯ, ಅಂದರೆ ಅಜ್ಜಿಯ, ಒಂದು ಹಳೇ ಕುಬಸ ಇತ್ತು. ನೆನಪಿಗೆ ಅಂತ ಅವ್ವ ಇಟ್ಟಿದ್ದು. ಅದನ್ನು ಇಲ್ಲಿ ತಂದಿದ್ದೇನೆ, ನೋಡಿ. ಇದರಲ್ಲಿ ಹುಕ್ಕೇ ಇಲ್ಲ. ಎದೆಯ ಕೆಳಗೆ ಎರಡು ತುದಿ ತಂದು ಒಂದು ಗಂಟು. ಅಷ್ಟೇ. ಒಂದು ಕೈಯಲ್ಲಿ ಕೂಸು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಎಳೆದರೆ ಬಿಚ್ಚಿತು. ಖಣದ ದಡಿ ಸರಿಯಾಗಿ ತೋಳಿನ ಅಂಚಿಗೆ ಬಂದಿದೆ ನೋಡಿ, ಒಂದಿಷ್ಟೂ ಬಟ್ಟೆ ದಂಡ ಆಗಿಲ್ಲ. ಇದರ ಮೇಲೆ ಆಯಿ ಸೆರಗನ್ನು ತಲೆ ಮೇಲಿಂದ ಹೊದ್ದು ಬಲಗಡೆ ತರುತ್ತಿದ್ದಳು. ಅಲ್ಲಿಗೆ ಎರಡೂ ಕಡೆ ಮರೆ ಆಯಿತು. ಏಳು ಮಕ್ಕಳನ್ನು ಸಾಕಿದವಳು. ಸಂತೆಗೆ ಹೋದಳು, ಜಾತ್ರೆಗೆ ಹೋದಳು, ಹೊಲದ ಬದುವಿನಲ್ಲಿ ಕೂತು ಕುಡಿಸಿದಳು. ಹಾಲುಣಿಸುವುದಕ್ಕೆ ಅಂತ ಬೇರೆ ಬಟ್ಟೆ ಅವಳಿಗೆ ಬೇಕಾಗಲಿಲ್ಲ. ದಿನಾ ತೊಡುವುದೇ ಹಾಗೆ ಇತ್ತು, ಅದೇ ಬಹಳ ಚೆಂದವೂ ಇತ್ತು. ಬಸುರಿಗೆ ಯಾಕೆ ಖಣ ಕೊಡುತ್ತಾರೆ ಅಂತ ಅವತ್ತು ನನಗೆ ನಾನೇ ಒಂದು ಕಾರಣ ಕಂಡುಕೊಂಡೆ. ಪಂಡಿತರು ಬೇರೆ ಹೇಳಬಹುದು. ನನಗೆ ನನ್ನದೇ ಸಾಕು.

ಆಮೇಲೆ ಶುರುವಾಯಿತು ಟೈಲರ್ ಹುಡುಕಾಟ. ಒಬ್ಬರು ಚೆಂದದ ಅಂಗಡಿ ಇಟ್ಟಿದ್ದರು, ಗಾಜಿನ ಬಾಗಿಲು. ಮುಂದೆ ತೆರೆಯುವ ಹಾಗೆ, ಗಂಟು ಬೇಕು ಅಂದೆ. 'ಅದು ಹಳ್ಳಿ ಕಡೆ ಮುದುಕಿಯರು ಹಾಕೋದು ಮೇಡಂ, ನಿಮಗ್ಯಾಕೆ' ಅಂದರು. ನನಗೆ ಬಹಳ ನೋವಾಯಿತು. ಆ ಮಾತಿಗೆ ಹೆದರಿ ಒಳ್ಳೆಯ ಬಟ್ಟೆ ಬಿಟ್ಟುಕೊಟ್ಟವರು ಎಷ್ಟು ಜನವೋ.

ಇನ್ನೊಬ್ಬರು ಸಿಕ್ಕಿದ್ದು ನಮ್ಮ ಕೆಳಗಿನ ಮನೆಯ ಆಂಟಿಯಿಂದ. ನಾಲ್ಕು ರಸ್ತೆ ದಾಟಿದರೆ ಒಂದು ಮೆಟ್ಟಿಲ ಕೆಳಗೆ ಹೊಲಿಗೆ ಯಂತ್ರ ಇಟ್ಟುಕೊಂಡ ಅಕ್ಕ. ಹತ್ತು ಜನ ನಿಂತರೆ ರಸ್ತೆಗೆ ಬರುವಷ್ಟು ಜಾಗ. ಆಯಿಯ ಕುಬಸವನ್ನು ಒಳಹೊರಗೆ ತಿರುವಿ ನೋಡಿದರು. ಹೊಲಿಗೆಯ ಮೇಲೆ ಉಗುರು ಓಡಿಸಿದರು. 'ಇದು ಹೊಲಿದವರಿಗೆ ಕೈ ಮುಗೀಬೇಕು' ಅಂದರು. ಅವರೂ ಎರಡು ಮಕ್ಕಳ ತಾಯಿ. ಅಲ್ಲಿಂದ ನಾವಿಬ್ಬರೂ ಕೂತು ಮಾಡಿದ್ದೇ ಈ ಮೇಜಿನ ಮೇಲಿರುವ ಮೂರು.

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಬೇಕಾದವರು ಬರೆದುಕೊಳ್ಳಿ. ಮೊದಲನೆಯದು ಅಳತೆ. ಹಾಲು ಕುಡಿಸುವ ಮುಂಚೆ, ಎದೆ ತುಂಬಿರುವಾಗ ಅಳತೆ ಕೊಡಬೇಕು. ಕುಡಿಸಿದ ಮೇಲೆ ಕೊಟ್ಟರೆ ಮೂರು ಗಂಟೆಗೆ ಬ್ಲೌಸು ಬಿಗಿಯುತ್ತದೆ. ಈ ಮಾತು ಆ ಅಕ್ಕ ಹೇಳಿದ್ದು, ನನಗೆ ಹೊಳೆದಿರಲಿಲ್ಲ. ಬಗಲಲ್ಲಿ ಎರಡೂ ಕಡೆ ಒಂದೂವರೆ ಇಂಚು ಬಟ್ಟೆ ಒಳಗೆ ಬಿಡಿಸಿ. ಮೊದಲ ವರ್ಷ ಮೈ ತಿಂಗಳಿಗೊಂದು ಥರ ಇರುತ್ತದೆ. ಹೊಲಿಗೆ ಬಿಚ್ಚಿ ಹಿಗ್ಗಿಸಬಹುದು, ಆಮೇಲೆ ಹಿಡಿಸಬಹುದು.

ತೆರೆಯುವುದು ಕೆಳಗಿನಿಂದ ಇರಬೇಕು. ಮೇಲಿನಿಂದ ಬಿಚ್ಚಿದರೆ ಮೈಯೆಲ್ಲ ಕಾಣುತ್ತದೆ. ಕೆಳಗಿನ ಎರಡು ಕಡೆ ಬಿಚ್ಚಿ ಮೇಲಕ್ಕೆ ಸರಿಸಿದರೆ ಸೆರಗಿನ ಒಳಗೇ ಕೆಲಸ ಮುಗಿಯುತ್ತದೆ. ಹಾಗಾಗಿ ಕೆಳಗೆ ಗಂಟು, ಮೇಲೆ ಎರಡು ಟಿಚ್ ಗುಂಡಿ. ಲೋಹದ ಹುಕ್ಕು ಕೂಸಿನ ಕೆನ್ನೆಗೆ ಗೀರುತ್ತದೆ, ಬೇಡ. ಒಳಗೆ ಎರಡು ಪದರ ಮಲ್ ಅನ್ನುವ ತೆಳು ಹತ್ತಿ ಬಟ್ಟೆಯ ಲೈನಿಂಗು. ಹಾಲು ಸೋರಿದರೂ ಖಣದವರೆಗೆ ಬೇಗ ಬರುವುದಿಲ್ಲ. ಬಣ್ಣ ಕಡು ಇರಲಿ, ಚಿತ್ರ ಸಣ್ಣದು, ಒತ್ತಾಗಿ ಇರಲಿ. ತಿಳಿ ಬಣ್ಣದ ಖಾಲಿ ಬಟ್ಟೆಯಲ್ಲಿ ಒಂದು ಹನಿ ಬಿದ್ದರೂ ದೂರದಿಂದ ಕಾಣುತ್ತದೆ. ಖಣದ ಆ ಸಣ್ಣ ಸಣ್ಣ ಚಿತ್ರಗಳ ನಡುವೆ ಏನೂ ಗೊತ್ತಾಗುವುದಿಲ್ಲ.

ಹೆಗಲಿಗೆ ಪಿನ್ನು ಹಾಕಬೇಡಿ. ಕೂಸು ತಲೆ ಇಡುವುದೇ ಅಲ್ಲಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ. ಉದ್ದ ಓಲೆ ಬಿಟ್ಟು ಸಣ್ಣ ಬೆಂಡೋಲೆ ಹಾಕಿ, ಎಳೆಯುವ ಕೈ ಬಹಳ ಗಟ್ಟಿ ಇರುತ್ತದೆ.

ಚೂಡಿದಾರ ಹಾಕುವವರಿಗೂ ಇದೇ ಲೆಕ್ಕ ನಡೆಯುತ್ತದೆ. ಕುರ್ತಾದ ಎದೆಯ ಕೆಳಗೆ ಅಡ್ಡ ಹೊಲಿಗೆ ಕೊಟ್ಟು ಮೇಲಿನ ಪದರ ಎತ್ತುವ ಹಾಗೆ ಮಾಡಿಸಬಹುದು. ನಿಮ್ಮ ಇಷ್ಟದ ಬಟ್ಟೆ ತಗೊಂಡು ಹೋಗಿ ಕೊಡಿ. ಕರಡಿಮರಿ ಯಾಕೆ?

ಮೊದಲ ಕುಬಸ ಬಂದ ದಿನ ಕಪ್ಪಿಗೆ ಹತ್ತಿರದ ನೇರಳೆ ಖಣ, ಬೂದು ಇಳಕಲ್ಲು. ಉಟ್ಟುಕೊಂಡು ಕನ್ನಡಿ ಮುಂದೆ ನಿಂತೆ. ಮೈ ಅದೇ, ದಪ್ಪ ಅದೇ. ಆದರೆ ನಿಂತಿದ್ದು ನಾನೇ. ಕೂಸನ್ನು ಎತ್ತಿಕೊಂಡು ಅವತ್ತೇ ಹೊರಟೆ.

ಬೆಂಗಳೂರು ನನಗೆ ಸಿಕ್ಕಿದ್ದು ಆವಾಗಿನಿಂದ. ಚಿಕ್ಕಪೇಟೆಗೆ ಹೋಗಿದ್ದು ಲೈನಿಂಗಿಗೆ ಮಲ್ ಬಟ್ಟೆ ತರಲು. ಮೆಟ್ರೊ ಹಸಿರು ಮಾರ್ಗದಲ್ಲಿ ಚಿಕ್ಕಪೇಟೆ ನಿಲ್ದಾಣ ಶುರುವಾಗಿದ್ದು 2017ರಲ್ಲಿ, ನಾನು ಬರುವ ಹಿಂದಿನ ವರ್ಷ. ನೆಲದ ಕೆಳಗಿನಿಂದ ಮೇಲೆ ಬಂದರೆ ಆ ಇಕ್ಕಟ್ಟು ಗಲ್ಲಿಗಳು, ತಲೆ ಮೇಲೆ ಮೂಟೆ ಹೊತ್ತವರು, ಮೆತ್ತೆ ಹಾಸಿದ ಹಳೇ ಅಂಗಡಿ. ಸೀರೆ ಅಂಗಡಿಯ ಹಾಸಿನ ಮೇಲೆ ಕೂತು ಹಾಲು ಕುಡಿಸುತ್ತಾ ಸೀರೆ ನೋಡಿದ್ದೇನೆ. ಅಲ್ಲಿನ ಯಜಮಾನರು ಫ್ಯಾನ್ ನನ್ನ ಕಡೆ ತಿರುಗಿಸಿ ಆಚೆ ಮುಖ ಮಾಡಿ ಕೂತರು. ತಳ್ಳುಗಾಡಿ ತಗೊಳ್ಳಬೇಕು ಅಂತ ಇದ್ದೆ, ನಮ್ಮ ಫುಟ್‌ಪಾತ್ ನೋಡಿ ಬಿಟ್ಟೆ. ಎದ್ದ ಕಲ್ಲು, ನಿಂತ ಬೈಕು, ಹತ್ತು ಹೆಜ್ಜೆಗೊಮ್ಮೆ ಇಳಿದು ಹತ್ತಬೇಕು. ಅವ್ವನ ಹಳೇ ಕಾಟನ್ ಸೀರೆಯನ್ನು ಅರ್ಧ ಮಾಡಿ ಎದೆಗೆ ಕಟ್ಟಿಕೊಂಡೆ. ಕೂಸಿನ ಮುಖ ಮೇಲಿರಬೇಕು, ಗದ್ದ ಎದೆಗೆ ಒತ್ತಬಾರದು, ಮೂಗು ಯಾವಾಗಲೂ ಕಾಣುತ್ತಿರಬೇಕು. ಇಷ್ಟು ಜೋಪಾನ ಮಾಡಿದರೆ ಕೈ ಎರಡೂ ಖಾಲಿ.

ಲಾಲ್‌ಬಾಗಿನ ಬೆಂಚು, ಕಬ್ಬನ್ ಪಾರ್ಕಿನ ಬಿದಿರು ಮೆಳೆ, ಗಾಂಧಿ ಬಜಾರ್, ಎಲ್ಲ ಕಡೆ ಕುಡಿಸಿದ್ದೇನೆ. ಕೆಲವು ಬಸ್ ನಿಲ್ದಾಣಗಳಲ್ಲಿ ಹಾಲುಣಿಸುವ ಕೋಣೆ ಇವೆ, ಒಳ್ಳೆಯದು. ಆದರೆ ಕೆಲವು ಕಡೆ ಬೀಗ ಹಾಕಿರುತ್ತಾರೆ, ಇನ್ನು ಕೆಲವು ಕಡೆ ಪೊರಕೆ, ಬಕೆಟ್ ಇಟ್ಟಿರುತ್ತಾರೆ. ಬೀಗದ ಕೈ ಯಾರ ಹತ್ತಿರ ಇದೆ ಅಂತ ಕೇಳಿ. ಕೇಳುವವರು ಜಾಸ್ತಿ ಆದರೆ ತೆರೆಯುತ್ತಾರೆ. ನಾವು ನಾಲ್ಕು ಜನ ಸೇರಿ ಕೇಳಿ ಒಂದು ಕಡೆ ತೆರೆಸಿದ್ದೇವೆ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಸಾದಾ ಬಸ್ಸಿನಲ್ಲಿ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ನನ್ನ ಮಗಳು ಆಗಲೇ ದೊಡ್ಡವಳಾಗಿದ್ದಳು. ಆದರೆ ಈಗಿನ ಹೊಸ ತಾಯಂದಿರಿಗೆ ಹೇಳುತ್ತೇನೆ, ಎಲ್ಲಿಗಾದರೂ ಸರಿ, ಕೂಸು ಎತ್ತಿಕೊಂಡು ಒಂದು ಬಸ್ಸು ಹತ್ತಿ. ಮನೆಯಲ್ಲಿ ದುಡ್ಡು ಕೇಳುವ ಮುಜುಗರ ಇಲ್ಲ. ಕೊನೇ ಸ್ಟಾಪಿಗೆ ಹೋಗಿ ಅದೇ ಬಸ್ಸಿನಲ್ಲಿ ವಾಪಸ್ ಬಂದರೂ ಆಯಿತು.

ಕೆಲಸದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮಗಳಿಗೆ ಹತ್ತು ತಿಂಗಳಾದಾಗ ಒಂದು ಕಚೇರಿಗೆ ಸೇರಿದೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾದ ಮೇಲೆ ಹೆರಿಗೆ ರಜೆ 26 ವಾರ, ಮೊದಲ ಎರಡು ಮಕ್ಕಳಿಗೆ. 50 ಜನ ಅಥವಾ ಅದಕ್ಕಿಂತ ಜಾಸ್ತಿ ಕೆಲಸ ಮಾಡುವ ಕಡೆ ಕೂಸಿನ ಮನೆ, ಅಂದರೆ ಮಕ್ಕಳನ್ನು ನೋಡಿಕೊಳ್ಳುವ ಜಾಗ, ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ನೋಡಬಹುದು ಅಂತಲೂ ಕಾನೂನು ಹೇಳುತ್ತದೆ. ನಮ್ಮದು ಮೂವತ್ತು ಜನರ ಕಚೇರಿ, ಈ ನಿಯಮ ಅಲ್ಲಿಗೆ ಬರುವುದಿಲ್ಲ. ಕೆಳಗಿನ ಮನೆ ಆಂಟಿ ನೋಡಿಕೊಂಡರು. ದೊಡ್ಡ ಕಡೆ ಕೆಲಸ ಮಾಡುವವರು ಇದನ್ನು ಕೇಳಿ ಪಡೆದುಕೊಳ್ಳಿ, ಅದು ನಿಮ್ಮ ಹಕ್ಕು.

ಕಚೇರಿಯಲ್ಲಿ ಮೊದಲ ವಾರ ಒಬ್ಬ ಹುಡುಗಿ ನನ್ನ ಕುಬಸ ಮುಟ್ಟಿ, 'ಅಕ್ಕ, ಈ ಗಂಟು ಎಷ್ಟು ಚೆನ್ನಾಗಿದೆ, ಎಲ್ಲಿ ಹೊಲಿಸಿದ್ರಿ' ಅಂತ ಕೇಳಿದಳು. ಅವಳಿಗೆ ಮದುವೆಯೂ ಆಗಿರಲಿಲ್ಲ. ಮೆಟ್ಟಿಲ ಕೆಳಗಿನ ಅಕ್ಕನ ವಿಳಾಸ ಕೊಟ್ಟೆ. ಆಮೇಲೆ ಇನ್ನೂ ಆರು ಜನ ಹೋದರು. ನಮ್ಮೂರಲ್ಲಿ ಮಗ್ಗಗಳು ಕಡಿಮೆಯಾಗುತ್ತಿವೆ. ಸೀರೆ ಜೊತೆಯಲ್ಲೇ ಬ್ಲೌಸ್ ಬಟ್ಟೆ ಬರತೊಡಗಿದ ಮೇಲೆ ಖಣ ಕೇಳುವವರು ಕಮ್ಮಿ. ಹಾಗಾಗಿ ಬೆಂಗಳೂರಿನ ಒಬ್ಬ ಹುಡುಗಿ ಖಣ ತಗೊಂಡಳು ಅಂದರೆ ನನಗೆ ಅದು ಸಣ್ಣ ಸುದ್ದಿ ಅಲ್ಲ. ಅವತ್ತೇ ಅವ್ವನಿಗೆ ಫೋನ್ ಮಾಡಿ ಹೇಳಿದೆ. 'ಯಾವ ಚಿತ್ರದ್ದು ತಗೊಂಡ್ಳವ್ವಾ?' ಅಂತ ಕೇಳಿದಳು. ಆನೆ ಹೆಜ್ಜೆ ಅಂದೆ. 'ಚಲೋ ಆತು' ಅಂದಳು.

ಹೋದ ತಿಂಗಳು ನನ್ನ ತಂಗಿಗೆ ಕುಬಸ ಮಾಡಿದರು. ಎಲ್ಲರೂ ಖಣ ಇಟ್ಟು ಉಡಿ ತುಂಬಿದರು. ನಾನು ಹೊಲಿದ ಕುಬಸವನ್ನೇ ಒಯ್ದಿದ್ದೆ, ಎರಡು. ಅಳತೆಗೆ ಎರಡಿಂಚು ಜಾಸ್ತಿ ಇಟ್ಟು, ಬಗಲಲ್ಲಿ ಬಟ್ಟೆ ಬಿಟ್ಟು, ಕೆಳಗೆ ಗಂಟು. ಶಾಸ್ತ್ರದಲ್ಲಿ ಹೊಲಿದಿದ್ದು ಇಡುತ್ತಾರೇನು ಅಂತ ಒಬ್ಬರು ಕೇಳಿದರು. ಅವ್ವ ಅದನ್ನು ಎತ್ತಿಕೊಂಡು ಗಂಟು ಒಂದು ಸಲ ಬಿಚ್ಚಿದಳು, ಒಂದು ಸಲ ಕಟ್ಟಿದಳು. ಏನೂ ಹೇಳದೆ ತಂಗಿಯ ಉಡಿಯಲ್ಲಿ ಇಟ್ಟಳು.

(ಮಾತು ಮುಗಿದ ಮೇಲೆ ಹಿಂದಿನ ಸಾಲಿನಲ್ಲಿ ಕೂಸು ಎತ್ತಿಕೊಂಡಿದ್ದ ಒಬ್ಬರು, 'ಬಸ್ಸಿನ ನೂಕುನುಗ್ಗಲಲ್ಲಿ ಗಂಟು ತಾನಾಗೇ ಬಿಚ್ಚಿಹೋದರೆ?' ಅಂತ ಕೇಳಿದರು. ನಾನು ಉತ್ತರ ಕೊಡುವ ಮುಂಚೆ ಮುಂದಿನ ಸಾಲಿನ ಅಜ್ಜಿಯೊಬ್ಬರು ಎದ್ದು ಬಂದು ಮೇಜಿನ ಮೇಲಿದ್ದ ಕುಬಸ ತಗೊಂಡರು. 'ಹಿಂಗೆ ಎರಡು ಸುತ್ತು ಹಾಕಿ, ತುದಿ ಒಳಗೆ ತೂರಿಸಬೇಕು' ಅಂತ ಆ ತಾಯಿಯ ಕೈ ಹಿಡಿದು ಕಟ್ಟಿ ತೋರಿಸಿದರು. ಎಳೆದು ನೋಡಿದೆವು. ಬಿಚ್ಚಲಿಲ್ಲ.)